ಅಕ್ಕನ ತಿರುವು

ಕಿಟಕಿಯ ಗಾಜು ಗಡಗಡ ನಡುಗುತ್ತಿದೆ, ಚಳಿಜ್ವರ ಹಿಡಿದವರ ಹಲ್ಲಿನ ಹಾಗೆ, ಪಾಪ ಗಾಜಿನದೇನೂ ತಪ್ಪಿಲ್ಲ, ಮುಂದೆ ಕೂತ ಪುಣ್ಯಾತ್ಮ ಮೂರನೇ ಗೇರಿನಲ್ಲೇ ಏರು ಹತ್ತಿಸಲು ಹೊರಟಿದ್ದಾನೆ, ಇಳಿಸಪ್ಪ, ಎರಡಕ್ಕೆ ಇಳಿಸು, ಬಂಡಿ ಬೇಡ್ಕೊಳ್ತಿರೋದು ಕೇಳಿಸಲ್ವಾ ನಿಂಗೆ — ಹಾಂ, ಇಳಿಸಿದ, ಅದೂ ಕರಕರ ಎಂದು, ಆ ಸದ್ದು ಸೀಟಿನ ಕಬ್ಬಿಣದೊಳಗಿಂದ ಅವಳ ಬೆನ್ನುಮೂಳೆಗೇ ಬಂತು, ಪರೀಕ್ಷಕರು ಕೆಮ್ಮಿದರು. ಒಂದು ಕೆಮ್ಮು ಎಂದರೆ ಒಂದು ತಪ್ಪು, ಬೆಳಗ್ಗೆಯಿಂದ ಎಲ್ಲರಿಗೂ ಇಷ್ಟು ಅರ್ಥವಾಗಿದೆ, ಬಾಯಿಬಿಟ್ಟು ಬೈಯುವವರಲ್ಲ ಈ ಕೆಮ್ಮು ಸಾಹೇಬರು, ಡ್ರೈವರ್ ಪಕ್ಕದ ಒಂಟಿ ಸೀಟಿನಲ್ಲಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ, ತಾವೂ ಇದೇ ನಗರಪಾಲಿಕೆಯ ಬಸ್ಸುಗಳನ್ನು ಓಡಿಸಿ ಓಡಿಸಿ ತಲೆ ನೆರೆಸಿಕೊಂಡವರಂತೆ, ಎಷ್ಟು ಜನರ ಬ್ರೇಕಿನ ಏಟು ತಿಂದಿದೆಯೋ ಆ ಸೊಂಟ. ಈಗ ಓಡಿಸುತ್ತಿರುವವನಿಗೆ ಅವಳು ಮನಸ್ಸಿನಲ್ಲೇ ಆಂಬುಲೆನ್ಸ್ ಅಣ್ಣ ಎಂದು ಹೆಸರಿಟ್ಟಿದ್ದಾಳೆ, ಆಸ್ಪತ್ರೆ ಗಾಡಿಯ ಡ್ರೈವರಾಗಿದ್ದವನು, ಹಿಂದೆ ರೋಗಿ ಮಲಗಿದ್ದಾನೆ ಎನ್ನುವ ಹಾಗೇ ನುಗ್ಗುತ್ತಾನೆ, ನಾವ್ಯಾರೂ ಸಾಯ್ತಾ ಇಲ್ಲ ಅಣ್ಣ, ನಿಧಾನಕ್ಕೆ ಹೋಗು — ಅವನಿಗಿಂತ ಮೊದಲು ಓಡಿಸಿದ ಕಪ್ಪು ಕನ್ನಡಕದವನು ಕೊನೆಯ ಸೀಟಿನಲ್ಲಿ ಕನ್ನಡಕ ಮಡಚಿ ಕೈಯಲ್ಲಿ ಹಿಡಿದು ಕೂತಿದ್ದಾನೆ, ಅವನ ಸುತ್ತಿನಲ್ಲಿ ಸಾಹೇಬರ ಕೆಮ್ಮು ನಿಂತಿರಲೇ ಇಲ್ಲ. ಬೆಳಗ್ಗೆ ಡಿಪೋದ ಅಂಗಳದಲ್ಲಿ ಕೋಲು ನೆಟ್ಟು, ನಡುವೆ ಬಸ್ಸನ್ನು ಹಿಂದಕ್ಕೆ ಓಡಿಸಿ ಎಂದಾಗಲೇ ಬಹಳ ಮಂದಿ ಉದುರಿಹೋದರು, ಉಳಿದವರು ನಾಲ್ವರು, ಖಾಲಿಯಿರುವ ಡ್ರೈವರ್ ಕೆಲಸ ಒಂದು, ಒಂದೇ, ಆಸೆ ಜಾಸ್ತಿ ಇಟ್ಕೋಬೇಡಿ ಎಂದು ಆಫೀಸಿನವರು ಬಾಗಿಲಲ್ಲೇ ನಿಂತು ಹೇಳಿಬಿಟ್ಟರು, ಆಸೆಯೇನು ಪಾತ್ರೆಯೇ, ಇಷ್ಟೇ ಹಾಕಿ ಎನ್ನಲು. ಇನ್ನು ಓಡಿಸಬೇಕಾದವರು ಇಬ್ಬರು, ಮೊದಲು ಅಕ್ಕ, ಆಮೇಲೆ ಅವಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ, ಗಂಡನ ಅಣ್ಣನ ಹೆಂಡತಿ, ಒಂದೇ ಮನೆ, ಒಂದೇ ಒಲೆ, ಒಂದೇ ಕೆಲಸಕ್ಕೆ ಎರಡು ಅರ್ಜಿ.

ಸರಿ, ಮುಂದಿನವರು ಬನ್ನಿ, ಸಾಹೇಬರು ಕರೆದರು, ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಕೆಳಗೆ ಬಸ್ಸು ನಿಂತಿದೆ, ಸುತ್ತು ಶುರುವಾಗುವುದೂ ಮುಗಿಯುವುದೂ ಇಲ್ಲೇ, ಅಕ್ಕ ಎದ್ದಳು, ಎದ್ದರೆ ತಲೆ ಮೇಲಿನ ಕಂಬಿಗೆ ತಾಗುತ್ತದೆ, ಬಗ್ಗಿ ನಡೆದಳು, ಅತ್ತೆ ಅವಳಿಗೆ ಏಣಿ ಎಂದು ಹೆಸರಿಟ್ಟದ್ದು ಸುಮ್ಮನಲ್ಲ, ಅಟ್ಟದ ಮೇಲಿನ ಡಬ್ಬ ಇಳಿಸಲು ಆ ಮನೆಯಲ್ಲಿ ಯಾರೂ ಸ್ಟೂಲು ಹುಡುಕಿದ್ದಿಲ್ಲ, ಏಣೀ, ಬಾರೇ ಇಲ್ಲಿ, ಎಂದರೆ ಆಯಿತು, ಇವಳು ಮದುವೆಯಾಗಿ ಬಂದ ದಿನ ಆ ಏಣಿಯ ಪಕ್ಕ ನಿಲ್ಲಿಸಿ ನೋಡಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಎಲ್ಲಿಂದ ಹಿಡ್ಕೊಂಡು ಬಂದ್ಯೋ ಈ ಗುಬ್ಬೀನ, ಎಂದು ಮಗನನ್ನು ಕೇಳಿದ್ದರು, ಅವತ್ತಿನಿಂದ ಇವಳು ಗುಬ್ಬಿ, ಹಾಲಿನವನಿಗೂ ಗುಬ್ಬಿ, ಪಕ್ಕದ ಮನೆಯ ಕೂಸಿಗೂ ಗುಬ್ಬಿ. ಏಣಿ ಈಗ ಸೀಟನ್ನು ಹಿಂದಕ್ಕೆ ಸರಿಸಿದಳು, ಒಂದು ಕನ್ನಡಿ ತಿರುಗಿಸಿದಳು, ಇನ್ನೊಂದು, ಬಿಟ್ಟಳು, ಮತ್ತೆ ಮೊದಲನೆಯದನ್ನು ಒಂಚೂರು, ಆಕೆಯನ್ನು ಅವಸರ ಮಾಡಿಸುವ ಗಂಡು ಇನ್ನೂ ಹುಟ್ಟಿಲ್ಲ, ಹೆಣ್ಣು ಮೊದಲೇ ಇಲ್ಲ, ಆಂಬುಲೆನ್ಸ್ ಅಣ್ಣ ಗುಬ್ಬಿಯ ಎದುರಿನ ಸೀಟಿಗೆ ಬಂದು ಕುಸಿದು, ಈ ದರಿದ್ರದ್ದು ಗೇರ್ ಬಾಕ್ಸೇ ಸರಿಯಿಲ್ಲಮ್ಮ, ಯಾರು ಕೂತ್ರೂ ಇಷ್ಟೇ ಹಣೆಬರಹ, ಎಂದು ಬೆವರು ಒರೆಸಿಕೊಳ್ಳುತ್ತಿದ್ದಾನೆ, ಗುಬ್ಬಿ ಹೂಂ ಎಂದಳು, ಅನ್ನುವಷ್ಟರಲ್ಲಿ ಹೊರಗೆ ಹಾರ್ಡ್‌ವೇರ್ ಅಂಗಡಿಯ ಬೋರ್ಡು ಹಿಂದಕ್ಕೆ ಸರಿಯುತ್ತಿದೆ, ಅರೆ, ಹೊರಟೇಬಿಟ್ಟಿದೆ ಬಸ್ಸು, ಯಾವಾಗ ಹೊರಟಿತು, ಹೊಟ್ಟೆಗೆ ಗೊತ್ತೇ ಆಗಲಿಲ್ಲವಲ್ಲ, ಒಂದಾದ ಮೇಲೆ ಎರಡು ಬಿದ್ದದ್ದು ಕಿವಿಗೂ ಕೇಳಿಸಲಿಲ್ಲ, ಇದೇ ಬಂಡಿ, ಇದೇ ದರಿದ್ರದ ಗೇರ್ ಬಾಕ್ಸು, ಈಗ ಮಡಿಲಲ್ಲಿ ಕೂತ ಬೆಕ್ಕಿನ ಹಾಗೆ ಗುರುಗುಡುತ್ತಿದೆ, ಆಂಬುಲೆನ್ಸ್ ಅಣ್ಣ ಒರೆಸುವುದು ನಿಲ್ಲಿಸಿ ಮುಂದೆ ನೋಡಿದ, ಗುಬ್ಬಿಗೆ ಎದೆಯುಬ್ಬಿತು, ಉಬ್ಬಬಾರದು, ಎದುರಾಳಿ ಅವಳು, ಆದರೂ ಉಬ್ಬಿತು.

ಹುಟ್ಟುತ್ತಲೇ ಬಂದ ವಿದ್ಯೆಯಲ್ಲ ಅದು, ಬೇಕರಿಯ ಬ್ರೆಡ್ ವ್ಯಾನ್ ಓಡಿಸುತ್ತಿದ್ದವರು ಭಾವ, ಬೆನ್ನಿನ ಆಪರೇಷನ್ ಆದ ಮೇಲೆ ಬಹಳ ತಿಂಗಳು ಕೂರಲಾರರು, ನಿಲ್ಲಲಾರರು, ಮಲಗಿ ಸೂರು ನೋಡುತ್ತಿದ್ದರು, ಬೇಕರಿಯ ಮಾಲೀಕ ಬಾಗಿಲಿಗೆ ಬಂದು, ಬೇರೆ ಡ್ರೈವರನ್ನ ನೋಡ್ಕೊಳ್ತೀನಪ್ಪ, ತಪ್ಪು ತಿಳ್ಕೋಬೇಡ, ಕೀಲಿ ಕೊಟ್ಬಿಡು, ಎಂದಾಗ ಗೋಡೆಯ ಮೊಳೆಯಿಂದ ಕೀಲಿ ತೆಗೆದವಳು ಅಕ್ಕ, ತೆಗೆದಳು, ಕೊಡಲಿಲ್ಲ, ಮುಷ್ಟಿಯಲ್ಲಿ ಇಟ್ಟುಕೊಂಡಳು, ಸ್ವಲ್ಪ ದಿನ ಟೈಮ್ ಕೊಡಿ ಯಜಮಾನ್ರೇ, ಲೈಸೆನ್ಸ್ ತಂದು ತೋರಿಸ್ತೀನಿ, ಯಾರ ಲೈಸೆನ್ಸು, ನಂದು, ಮಾಲೀಕ ನಕ್ಕ, ಅತ್ತೆ ನಗಲಿಲ್ಲ, ಕೊಡ್ರೀ ಟೈಮು, ನಮ್ಮ ಏಣಿ ಅಂದ್ರೆ ಅಂದಂಗೆ, ಎಂದರು, ಭಾವ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು, ಅತ್ತರೋ ಏನೋ. ಒಬ್ಬಳೇ ವ್ಯಾನ್ ಹೊರಡಿಸಿದ ಮೊದಲ ದಿನವೇ ಹಿಂದಕ್ಕೆ ತೆಗೆಯಲು ಹೋಗಿ ಹಲ್ಲಿನ ಡಾಕ್ಟರ ಕಾಂಪೌಂಡು ಗೋಡೆ ಕೆಡವಿದಳು, ಬೀದಿಯೆಲ್ಲ ಸೇರಿತು, ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದ ರೋಗಿಯೂ ಎದ್ದು ಬಂದು ನೋಡಿದ, ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಗತ್ತೆ ಎಂದು ಯಾರೋ ಅಂದರು, ಬೇರೆಯವರಾಗಿದ್ದರೆ ಭೂಮಿಗೆ ಇಳಿದುಹೋಗುತ್ತಿದ್ದರು, ತಾನಾಗಿದ್ದರೆ ಕೀಲಿ ಅಲ್ಲೇ ಎಸೆದು ಓಡುತ್ತಿದ್ದೆ ಎಂದು ಗುಬ್ಬಿಗೆ ಖಾತ್ರಿಯಿದೆ, ಅಕ್ಕ ಇಳಿದು ಬಿದ್ದ ಇಟ್ಟಿಗೆಗಳನ್ನು ಬದಿಗೆ ಜೋಡಿಸಿ, ತಪ್ಪಾಯ್ತು ಡಾಕ್ಟ್ರೇ, ಭಾನುವಾರ ಬಂದು ಕಟ್ಟಿಕೊಡ್ತೀನಿ, ಎಂದು ಮತ್ತೆ ಸೀಟಿಗೆ ಹತ್ತಿ, ಅಷ್ಟೂ ಜನರ ಎದುರಿಗೆ ಮತ್ತೆ ಹಿಂದಕ್ಕೆ ತೆಗೆದಳು, ಈ ಸಲ ತಾಗಿಸದೆ, ತೆಗೆದು ಬ್ರೆಡ್ಡು ಹಂಚಲು ಹೋದಳು. ಭಾನುವಾರ ಹೋದರು, ಅಕ್ಕ ಇಟ್ಟಿಗೆ ಇಟ್ಟಳು, ಗುಬ್ಬಿ ನೀರು ಹೊತ್ತಳು, ಗುಬ್ಬಿಯ ಗಂಡ ಬಣ್ಣ ಬಳಿಯುವ ಕೆಲಸದವನು, ಅವನು ಸುಣ್ಣ ಬಳಿದ, ಇವತ್ತಿಗೂ ಆ ಗೋಡೆಯಲ್ಲಿ ನೆಟ್ಟಗಿರುವುದು ಅಷ್ಟು ಭಾಗ ಮಾತ್ರ — ನಿಂತಿತು, ಬಸ್ಸು ನಿಂತಿದೆ, ಏನಾಯಿತು, ಆಸ್ಪತ್ರೆಯ ಮುಂದೆ ಗಾಲಿಕುರ್ಚಿ ತಳ್ಳಿಕೊಂಡು ಒಬ್ಬ ಮುದುಕ ರಸ್ತೆ ದಾಟುತ್ತಿದ್ದಾನೆ, ಕುರ್ಚಿಯಲ್ಲಿ ಅವನ ಹೆಂಡತಿಯಿರಬೇಕು, ಮಡಿಲಲ್ಲಿ ಎಕ್ಸರೇ ಕವರು, ಗಾಲಿ ಹಳ್ಳದಲ್ಲಿ ಸಿಕ್ಕಿಕೊಂಡು ಮುದುಕ ಎಳೆದಾಡುತ್ತಿದ್ದಾನೆ, ಹಿಂದಿನ ಕಾರುಗಳು ಬಾಯಿಬಾಯಿ ಬಡಿದುಕೊಳ್ಳುತ್ತಿವೆ, ಬಲಗಡೆ ಜಾಗ ಇತ್ತು, ಹೋಗ್ಬಹುದಿತ್ತು, ಎಂದ ಆಂಬುಲೆನ್ಸ್ ಅಣ್ಣ, ಹೋಗಬಹುದಿತ್ತು, ಹೌದು, ಅಕ್ಕ ಹೋಗಲಿಲ್ಲ, ಹಾರ್ನೂ ಒತ್ತಲಿಲ್ಲ, ಎರಡೂ ಕೈ ಸ್ಟೇರಿಂಗಿನ ಮೇಲೆ ಇಟ್ಟು, ಆತುರ ಬೇಡ ಎನ್ನುವ ಹಾಗೆ ಗಾಜಿನ ಆಚೆಗೆ ಒಮ್ಮೆ ತಲೆ ಆಡಿಸಿದಳು, ಮುದುಕನೂ ತಲೆ ಆಡಿಸಿ ಗಾಲಿ ಬಿಡಿಸಿಕೊಂಡು ಮೆಲ್ಲಗೆ ದಾಟಿದ, ಕುರ್ಚಿಯ ಹಿಂಗಾಲಿ ಆಚೆ ಬದಿ ಮುಟ್ಟಿದ ಮೇಲೆ ಬಸ್ಸು ಹೊರಟಿತು, ಕೆಮ್ಮಿಲ್ಲ. ಸಾಹೇಬರ ಕಡೆಯಿಂದ ಒಂದು ಕೆಮ್ಮೂ ಇಲ್ಲ.

ಗುಬ್ಬಿಗೆ ಕಲಿಸಿದ್ದೂ ಅವಳೇ, ಬೇಕರಿಯ ಹಿಂದಿನ ಬಯಲಿನಲ್ಲಿ, ವ್ಯಾನಿನ ತುಂಬ ಬ್ರೆಡ್ಡಿನ ಟ್ರೇ ಇಟ್ಟುಕೊಂಡೇ, ಖಾಲಿ ಗಾಡಿ ಓಡ್ಸೋದು ಓಡ್ಸೋದಲ್ಲ ಕಣೇ, ಹಿಂದೆ ಯಾರೋ ಇದಾರೆ ಅಂತ ಕಾಲಿಗೆ ಗೊತ್ತಿರಬೇಕು, ಗುಬ್ಬಿ ಬ್ರೇಕು ಒತ್ತಿದಾಗಲೆಲ್ಲ ಹಿಂದೆ ಧಡಧಡ ಎಂದು ಟ್ರೇಗಳು ಮಗುಚುತ್ತಿದ್ದವು, ಆ ದಿನಗಳಲ್ಲಿ ಮನೆಯಲ್ಲಿ ಮೂರು ಹೊತ್ತೂ ಚಪ್ಪಟೆ ಬ್ರೆಡ್ಡು, ಇವತ್ತೂ ಗುಬ್ಬಿ ಓಡ್ಸಿದ್ಲಾ ಎಂದು ಅತ್ತೆ ತಟ್ಟೆ ನೋಡಿಯೇ ಹೇಳುತ್ತಿದ್ದರು, ಅಕ್ಕ ಒಂದು ದಿನ ಗದರಿದ್ದಿಲ್ಲ, ನೀನು ಮಾತಾಡೋದು ನಿಲ್ಸು, ಬಂಡಿ ಏನೋ ಹೇಳ್ತಿದೆ ಅದನ್ನ ಕೇಳು, ಇಷ್ಟೇ, ಒಂದು ದಿನ ನಿಲ್ಲಿಸಿದಾಗ ಹಿಂದೆ ಸದ್ದೇ ಬರಲಿಲ್ಲ, ಇಬ್ಬರೂ ಕಿವಿಗೊಟ್ಟು ಕಾದರು, ಇಲ್ಲ, ಒಂದು ಟ್ರೇಯೂ ಅಲ್ಲಾಡಿಲ್ಲ, ಅಕ್ಕ ಕೆಳಗಿಳಿದು ಬಯಲಿನ ನಡುವೆ ನಿಂತು ಚಪ್ಪಾಳೆ ಹೊಡೆದಳು, ಅಷ್ಟುದ್ದದ ಹೆಂಗಸು, ಕೂಸಿನ ಹಾಗೆ, ಆ ಚಪ್ಪಾಳೆಯ ಮೇಲೆಯೇ ಗುಬ್ಬಿ ಸ್ಕೂಲ್ ವ್ಯಾನ್ ಹಿಡಿದದ್ದು, ಇಷ್ಟು ವರ್ಷ ಓಡಿಸಿದ್ದು. ಅರ್ಜಿ ಹಾಕಲು ಹೋದ ದಿನ ಕಿಟಕಿಯ ಒಳಗಿನ ಗುಮಾಸ್ತ, ಡ್ರೈವರ್ ಪೋಸ್ಟ್‌ಗಾ, ಯಜಮಾನ್ರು ಬಂದಿಲ್ವಾ, ಎಂದರೆ ಅಕ್ಕ, ಯಜಮಾನ್ರು ಮನೇಲಿ ಪಾತ್ರೆ ಒರೆಸ್ತಿದ್ದಾರೆ ಸಾರ್, ಅರ್ಜಿ ನಮಗೇ, ಎರಡು ಕೊಡಿ, ಎಂದಳು, ಎರಡಾ, ಗುಬ್ಬಿಯೂ ಕೇಳಿದಳು, ಎರಡ್ಯಾಕಕ್ಕ, ನಂಗ್ಯಾಕೆ, ನಿನಗೆ ಈ ಸಲ ಬಿಟ್ರೆ ವಯಸ್ಸು ಮೀರತ್ತೆ, ಬೇಕರಿ ಬೇರೆ ಮುಚ್ತಾರಂತೆ, ನೀನು ಹಾಕು, ನಾನು ಆಮೇಲೆ ನೋಡ್ತೀನಿ. ಅಕ್ಕ ಅವಳನ್ನು ಸಾಲಿನಿಂದ ಈಚೆಗೆ ಎಳೆದು, ನೋಡು ಗುಬ್ಬಿ, ನಾನು ನಿಂಗೆ ಬಿಟ್ಟುಕೊಡಲ್ಲ, ನೀನೂ ನಂಗೆ ಬಿಟ್ಟುಕೊಡಬೇಡ, ಬಿಟ್ಟುಕೊಟ್ಟ ಕೆಲಸ ನಂಗೆ ಬೇಡ, ಗೆದ್ದಿದ್ದು ಬೇಕು, ಎಂದಳು, ಯಾರಾದರೂ ಹೀಗೆ ಮಾತಾಡುತ್ತಾರೆಯೇ, ಬೇರೆ ಮನೆಗಳಲ್ಲಿ ಓರಗಿತ್ತಿಯರು ಒಂದು ಸೌಟಿಗೆ ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡಿರುತ್ತಾರಂತೆ, ಅತ್ತೆಗೆ ವಿಷಯ ಗೊತ್ತಾದಾಗ, ಇಬ್ಬರೂ ಬಸ್ಸು ಓಡಿಸೋಕೆ ಹೋದ್ರೆ ಒಲೆ ಯಾರ್ರೇ ಓಡಿಸ್ತೀರಿ, ಎಂದರು, ಎಂದವರು ಇವತ್ತು ಬೆಳಗ್ಗೆ ತಾವೇ ಎದ್ದು ಒಲೆ ಹಚ್ಚಿ ಇಬ್ಬರಿಗೂ ಡಬ್ಬಿ ಕಟ್ಟಿದ್ದರು, ಭಾವ ಬಾಗಿಲ ತನಕ ಬಂದು ಇಬ್ಬರಿಗೂ ಒಂದೇ ಸಮ, ಹುಷಾರು ಎಂದರು, ಯಾರಿಗೂ ಒಂದು ಗುಲಗಂಜಿ ಜಾಸ್ತಿಯಿಲ್ಲ.

ಗಡಿಯಾರದ ಅಂಗಡಿ ಬಂತು, ಈ ಸುತ್ತಿನ ಗಂಡಾಂತರವೆಲ್ಲ ಇರುವುದು ಇಲ್ಲೇ, ಎಡಕ್ಕೆ ತಿರುಗಬೇಕು, ರಸ್ತೆ ಚಿಕ್ಕದು, ಮೂಲೆಯಲ್ಲಿ ಫುಟ್‌ಪಾತಿನ ಕಲ್ಲಂಚಿನ ಮೇಲೆ ಚಪ್ಪಲಿ ಹೊಲಿಯುವವನು ಕೂತಿದ್ದಾನೆ, ಪಕ್ಕದಲ್ಲಿ ಅವನ ತಗಡಿನ ಪೆಟ್ಟಿಗೆ, ಕಪ್ಪು ಕನ್ನಡಕದವನು ತಿರುಗಿಸಿದಾಗ ಆತ ಎದ್ದು ನಿಂತಿದ್ದ, ಆಂಬುಲೆನ್ಸ್ ಅಣ್ಣನಿಗೆ ಪೆಟ್ಟಿಗೆ ಎತ್ತಿಕೊಂಡು ನಿಂತಿದ್ದ, ಈಗ ಅಕ್ಕ, ಅಕ್ಕ ತಿರುಗಿಸುತ್ತಲೇ ಇಲ್ಲ, ಮುಂದಕ್ಕೆ ಬಿಡುತ್ತಿದ್ದಾಳೆ, ಇನ್ನೂ ಮುಂದಕ್ಕೆ, ಎದುರಿನ ಗೋಡೆಯ ಪೋಸ್ಟರಿನ ಸಣ್ಣ ಅಕ್ಷರ ಓದಬಹುದು ಈಗ, ಕಪ್ಪು ಕನ್ನಡಕದವನು ಅಯ್ಯೋ ಎಂದ, ಆಗ ಆ ಉದ್ದ ತೋಳುಗಳು ಎದ್ದವು, ಬಾವಿಯಿಂದ ನೀರು ಸೇದುವವರ ಹಾಗೆ, ಕೈಯ ಮೇಲೆ ಕೈ, ಒಂದೇ ಸಮ, ಒಂದು ಎಳೆತ, ಇನ್ನೊಂದು, ಅಷ್ಟೇ, ಇಡೀ ಬಸ್ಸು ಮಲಗಿದ ಮಗು ಮಗ್ಗುಲು ಬದಲಿಸಿದ ಹಾಗೆ ಎಡಕ್ಕೆ ಹೊರಳಿತು, ಗುಬ್ಬಿ ಕಿಟಕಿಯಿಂದ ಬಗ್ಗಿ ನೋಡಿದಳು, ಹಿಂದಿನ ಚಕ್ರ ಕಲ್ಲಂಚಿನ ಪಕ್ಕದಲ್ಲೇ ಸುಮ್ಮನೆ ಹೋಗುತ್ತಿದೆ, ಚಪ್ಪಲಿಯವನು ಬಾಯಲ್ಲಿ ದಾರ ಕಚ್ಚಿಕೊಂಡು ಸೂಜಿ ಎಳೆಯುತ್ತಿದ್ದಾನೆ, ತಲೆ ಎತ್ತಲಿಲ್ಲ, ಬಸ್ಸೊಂದು ಹೋಯಿತು ಎನ್ನುವುದೇ ಅವನಿಗೆ ಗೊತ್ತಾಗಲಿಲ್ಲ, ಇದಕ್ಕಿಂತ ದೊಡ್ಡ ಹೊಗಳಿಕೆ ಏನಿದೆ, ಡ್ರೈವರಿಗೆ ಹಾರ ಹಾಕುತ್ತಾರೆಯೇ, ಇಲ್ಲ, ತಲೆ ಎತ್ತುವುದಿಲ್ಲ, ಅಷ್ಟೇ. ಮುಂದೆ ಸಾಹೇಬರು ಎದ್ದು ನಿಂತಿದ್ದಾರೆ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದಾರೆ, ಎರಡೂ ಕೈಯಿಂದ, ಕಂಬಿ ಬಿಟ್ಟಿದ್ದಾರೆ, ಬಿಟ್ಟದ್ದು ಅವರಿಗೇ ಗೊತ್ತಿಲ್ಲ, ಇಳಿಜಾರಿನಲ್ಲಿ ಓಡುತ್ತಿರುವ ಬಸ್ಸಿನಲ್ಲಿ ಮನೆಯ ಪಡಸಾಲೆಯಲ್ಲಿ ನಿಂತ ಹಾಗೆ ನಿಂತಿದ್ದಾರೆ, ಆಂಬುಲೆನ್ಸ್ ಅಣ್ಣ ಗುಬ್ಬಿಯ ಕಡೆ ತಿರುಗಿ, ಯಾರಮ್ಮ ಇವರು, ಎಂದ ಮೆಲ್ಲಗೆ, ಗುಬ್ಬಿ, ನಮ್ಮಕ್ಕ, ಎಂದಳು, ನಮ್ಮಕ್ಕ ಎಂದು ಇನ್ನೊಂದು ಸಲ ಹೇಳಬೇಕೆನ್ನಿಸಿತು.

ಟ್ಯಾಂಕಿನ ಕೆಳಗೆ ಬಸ್ಸು ನಿಂತಿತು, ಈಗ ತನ್ನ ಸರದಿ, ಗುಬ್ಬಿ ಮುಂದಕ್ಕೆ ನಡೆದಳು, ಮನಸ್ಸಿನ ಒಂದು ಮೂಲೆ ಆಗಲೇ ಲೆಕ್ಕ ಹಾಕುತ್ತಿದೆ, ಒಂದು ಸಲ ಗೇರು ಕರಕರ ಎನ್ನಿಸಿದರೆ ಸಾಕು, ಏರಿನಲ್ಲಿ ಒಮ್ಮೆ ಹಿಂದಕ್ಕೆ ಜಾರಿಸಿದರೆ ಸಾಕು, ಯಾರಿಗೆ ಗೊತ್ತಾಗುತ್ತದೆ, ಅಕ್ಕನಿಗಿದು ಕೊನೆಯ ಸಲ, ತನಗೆ ಇನ್ನೂ ವಯಸ್ಸಿದೆ — ಅಕ್ಕ ಇಳಿಯುವ ಮೊದಲು ಸೀಟನ್ನು ಮುಂದಕ್ಕೆ ಸರಿಸಿಟ್ಟಿದ್ದಳು, ಗುಬ್ಬಿಯ ಕಾಲಿಗೆ ಸರಿಯಾಗಿ, ಎದುರಾಳಿಯ ಸೀಟು, ಸರಿಸಿಟ್ಟು, ಪಕ್ಕದಲ್ಲಿ ಹಾಯುವಾಗ ಕಿವಿಯ ಹತ್ತಿರ ಬಗ್ಗಿ, ಬೇಕಂತ ಕೆಡಿಸಿದ್ಯೋ, ಮನೆಗೆ ಬರಬೇಡ, ಎಂದಳು, ನಗಲಿಲ್ಲ. ಹಾಗಾದರೆ ಸರಿ, ಹಾಗಾದರೆ ನೋಡು, ಗುಬ್ಬಿ ಕೂತಳು, ಸ್ಟೇರಿಂಗು ಇನ್ನೂ ಬೆಚ್ಚಗಿದೆ, ಕನ್ನಡಿ, ಕನ್ನಡಿ, ಹ್ಯಾಂಡ್‌ಬ್ರೇಕು, ಬಂಡಿ ಏನೋ ಹೇಳುತ್ತಿದೆ, ಕೇಳು, ಹೊರಟಿತು, ಮೆತ್ತಗೆ ಹೊರಟಿತು, ಎರಡಕ್ಕೆ ಬಿತ್ತು, ಸದ್ದಿಲ್ಲ, ಮೂರು, ಜವಳಿ ಅಂಗಡಿಗಳ ಸಾಲಿನಲ್ಲಿ ಬೈಕೊಂದು ಎಡದಿಂದ ನುಗ್ಗಿತು, ಕಾಲು ತಾನಾಗಿ ಅದಕ್ಕೆ ದಾರಿ ಬಿಟ್ಟಿತು, ಕೆಮ್ಮಿಲ್ಲ, ಏರು, ಎರಡಕ್ಕೆ ಇಳಿಸಿದಳು, ಕೆಮ್ಮಿಲ್ಲ, ಆಗ ಬಂತು ಆಸೆ, ಇಷ್ಟು ಹೊತ್ತು ಎಲ್ಲಿ ಅಡಗಿತ್ತೋ, ತನಗೂ ಬೇಕು ಇದು, ಈ ಎತ್ತರದ ಸೀಟು, ಹಿಂದೆ ನಿಂತ ಕೂತ ಅಷ್ಟೂ ಮಂದಿ, ಬಸ್ಸು ಬಂತು ಎಂದು ಕಣ್ಣರಳಿಸುವ ಸ್ಟಾಪಿನ ಮುಖಗಳು, ಎದೆಯ ಮೇಲೆ ಪಾಲಿಕೆಯ ಬಿಲ್ಲೆ, ಬೇಕು, ಅಕ್ಕನಿಗಿಂತ ಒಂದು ಕೂದಲೆಳೆ ಜಾಸ್ತಿಯೇ ಬೇಕು ಎನ್ನಿಸಿ ನಾಚಿಕೆಯಾಯಿತು, ನಾಚಿಕೆ ಯಾಕೆ, ಗೆಲ್ಲು ಎಂದವಳು ಅವಳೇ, ಗೆಲ್ಲುತ್ತೇನೆ, ಗಡಿಯಾರದ ಅಂಗಡಿ, ಬಂತು, ಅಕ್ಕ ತಿರುಗಿಸಿದ ಹಾಗೇ, ಅದ್ಭುತ ಅದು, ಕಣ್ಣಿನಲ್ಲಿ ಇನ್ನೂ ಅದೇ ಇದೆ, ಮುಂದಕ್ಕೆ ಬಿಡು, ಇನ್ನೂ ಮುಂದಕ್ಕೆ, ಪೋಸ್ಟರಿನ ಸಣ್ಣ ಅಕ್ಷರ, ಈಗ, ಒಂದು ಎಳೆತ, ಇನ್ನೊಂದು, ಸಾಲದು, ಗುಬ್ಬಿಯ ತೋಳು ಇದು, ಏಣಿಯ ತೋಳಲ್ಲ, ಗೋಡೆ ಬರುತ್ತಿದೆ, ಇನ್ನೊಂದು ಎಳೆತ, ಪೂರ್ತಿ, ಪೂರ್ತಿ — ಹಿಂದೆ ಎಡಚಕ್ರ ಕಲ್ಲಂಚು ಹತ್ತಿತು, ಇಳಿಯಿತು, ಧಡ್, ಸೊಂಟಕ್ಕೆ ಬಂತು. ಕನ್ನಡಿಯಲ್ಲಿ ಚಪ್ಪಲಿಯವನು, ದಾರ ಬಾಯಲ್ಲೇ ಇದೆ, ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡು, ತಲೆ ಎತ್ತಿ ನೋಡುತ್ತಿದ್ದಾನೆ. ಸಾಹೇಬರು ಕೆಮ್ಮಿದರು. ಒಂದೇ ಕೆಮ್ಮು, ಅದೂ ಸಣ್ಣದು, ಮನಸ್ಸಿಲ್ಲದೆ ಬಂದಂಥದು. ಉಳಿದ ದಾರಿಯುದ್ದಕ್ಕೂ ಅವಳು ಚೆನ್ನಾಗಿಯೇ ಓಡಿಸಿದಳು, ಬಹಳ ಚೆನ್ನಾಗಿ, ಅಳು ನುಂಗಿಕೊಂಡು ಓಡಿಸಿದರೆ ಹಾಗೆ ಓಡುತ್ತದೋ ಏನೋ.

ಡಿಪೋದ ತಗಡಿನ ಮಾಡಿನ ಕೆಳಗೆ ಬೆಂಚು, ಸಂಜೆಯೊಳಗೆ ರಿಸಲ್ಟು ಬೋರ್ಡಿಗೆ ಹಾಕ್ತಾರೆ, ಇರಿ, ಎಂದರು ಆಫೀಸಿನವರು, ಇಬ್ಬರೂ ಇದ್ದರು, ಅತ್ತೆ ಕಟ್ಟಿದ ಡಬ್ಬಿ ಬಿಚ್ಚಿದರು, ಗುಬ್ಬಿ ಅನ್ನವನ್ನು ಬೆರಳಿನಿಂದ ಕೆದಕುತ್ತ ಕೂತಳು, ಅಕ್ಕ ಮಾತ್ರ ತನ್ನದೂ ತಿಂದು ಗುಬ್ಬಿಯದರಲ್ಲಿ ಅರ್ಧ ತಿಂದಳು, ಹೊಟ್ಟೆಗೆ ಹಾಕದೆ ಯಾರ ಜೊತೆ ಜಗಳ ಆಡ್ತೀಯ, ತಿನ್ನು, ಎಂದಳು, ತಿರುವಿನ ಮಾತು ಎತ್ತಲಿಲ್ಲ, ಎತ್ತದೆ ಇರುವುದೂ ಅವಳಿಗೆ ಗೊತ್ತು. ಬಸ್ಸುಗಳು ಬಂದು ಸಾಲಿಗೆ ನಿಲ್ಲುತ್ತಿವೆ, ಡ್ರೈವರುಗಳು ಇಳಿದು ಬೆನ್ನು ಹಿಂದಕ್ಕೆ ಬಾಗಿಸಿ ನಟಿಕೆ ತೆಗೆಯುತ್ತಿದ್ದಾರೆ, ಒಬ್ಬ ಬಕೆಟ್ಟಿನ ನೀರಿನಿಂದ ಗಾಜು ತೊಳೆಯುತ್ತ ತನ್ನಷ್ಟಕ್ಕೇ ಏನೋ ಹಾಡುತ್ತಿದ್ದಾನೆ, ಅಕ್ಕ ಅವರನ್ನೆಲ್ಲ ಮದುವೆ ಮನೆಗೆ ಕರೆಯದೆ ಬಂದವಳ ಹಾಗೆ ನೋಡುತ್ತಿದ್ದಾಳೆ, ಆಗ ಜವಾನ ಬಂದ, ಬೋರ್ಡಿಗೆ ಹಾಳೆ ಚುಚ್ಚಿದ, ಹೋಗಿ ನೋಡೇ, ನನ್ನ ಕಾಲು ಬರ್ತಾ ಇಲ್ಲ, ಎಂದಳು ಅಕ್ಕ, ಗೋಡೆ ಕೆಡವಿದವಳು, ಬಂಡಿಯನ್ನು ಮಗುವಿನ ಹಾಗೆ ಹೊರಳಿಸಿದವಳು, ಕಾಲು ಬರುತ್ತಿಲ್ಲವಂತೆ. ಗುಬ್ಬಿ ಹೋದಳು, ಹೋಗಿ ಮೊದಲು ಹುಡುಕಿದ್ದು ತನ್ನ ನಂಬರು, ಇಲ್ಲ, ಮತ್ತೆ ಹುಡುಕಿದಳು, ಇಲ್ಲ, ಒಂದು ಕ್ಷಣ ಹೊಟ್ಟೆಯಲ್ಲಿ ಬೆಂಕಿ, ಯಾರ ಮೇಲೆಂದು ಗೊತ್ತಿಲ್ಲ, ಚಪ್ಪಲಿಯವನ ಮೇಲೆ, ಕಲ್ಲಿನ ಮೇಲೆ, ತನ್ನ ಗಿಡ್ಡ ತೋಳಿನ ಮೇಲೆ, ಅಕ್ಕನ ಮೇಲೆಯೂ, ಹೌದು, ಒಂದು ಕ್ಷಣ ಅಕ್ಕನ ಮೇಲೆಯೂ, ಆಮೇಲೆ ಕಣ್ಣು ಇನ್ನೊಂದು ನಂಬರಿನ ಮೇಲೆ ಬಿತ್ತು, ಒಂಟಿಯಾಗಿ, ನೆಟ್ಟಗೆ, ಉದ್ದಕ್ಕೆ ನಿಂತಿದೆ, ಬೆಂಕಿ ಎಲ್ಲಿ ಹೋಯಿತೋ, ತಿರುಗಿ ಬರುವಾಗ ಓಡಿದಳು, ಬೆಂಚಿನ ಹತ್ತಿರ ಬಂದು, ಅಕ್ಕ, ಯೂನಿಫಾರಂ ಹೊಲಿಸೋಕೆ ಅಳತೆ ಕೊಡಬೇಕಂತೆ, ಎಂದಳು, ಯಾರ ಅಳತೆ, ಎಂದಳು ಅಕ್ಕ, ಉದ್ದ ಇರೋರದ್ದು. ಅಕ್ಕ ಮುಖ ಎರಡೂ ಅಂಗೈಯಲ್ಲಿ ಮುಚ್ಚಿಕೊಂಡಳು, ಭುಜ ಅಲುಗಾಡುತ್ತಿದೆ, ಅಷ್ಟುದ್ದದ ಬೆನ್ನು, ಇಷ್ಟು ವರ್ಷದಲ್ಲಿ ಅಕ್ಕ ಅಳುವುದನ್ನು ಗುಬ್ಬಿ ನೋಡಿರಲಿಲ್ಲ, ಏನು ಮಾಡಬೇಕೋ ತಿಳಿಯದೆ ಪಕ್ಕದಲ್ಲಿ ಕೂತು ಆ ಬೆನ್ನು ತಟ್ಟಿದಳು, ಕೂತಿದ್ದರೂ ಕೈ ಎತ್ತಿಯೇ ತಟ್ಟಬೇಕು, ಕೆಮ್ಮು ಸಾಹೇಬರು ಆ ಕಡೆಯಿಂದ ಹಾಯುತ್ತಿದ್ದವರು ನಿಂತು ನೋಡಿದರು, ಗುಬ್ಬಿಗೆ ಮಾತ್ರ ಕೇಳುವ ಹಾಗೆ, ಮುಂದಿನ ಸಲ ಹಾಕಮ್ಮ ಅರ್ಜಿ, ತಪ್ಪಿಸಬೇಡ, ಎಂದು ಹೋದರು, ಒಳ್ಳೆಯ ಮಾತೂ ಆಡಬಲ್ಲರು ಹಾಗಾದರೆ.

ಮನೆಗೆ ಹೋಗುವ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಸಿಕ್ಕಿತು, ಟಿಕೆಟ್ಟು ತೆಗೆದುಕೊಂಡಳು ಅಕ್ಕ, ಕೊನೇ ಸಲ ತಗೊಳ್ತಿದೀನಿ, ಇನ್ಮೇಲೆ ಪಾಸು, ಎಂದಳು, ಮೂಗು ಇನ್ನೂ ಕೆಂಪಗಿದೆ, ಸಂಜೆಯ ಜನ ಮೈಮೇಲೆ ಬೀಳುತ್ತಿದ್ದಾರೆ, ಯಾರದೋ ಚೀಲದ ಮೂಲೆ ಗುಬ್ಬಿಯ ಕೆನ್ನೆಗೆ ಚುಚ್ಚುತ್ತಿದೆ, ಕಣ್ಣು ಮುಚ್ಚಿದರೆ ಚಪ್ಪಲಿಯವನು ತಲೆ ಎತ್ತುತ್ತಾನೆ, ತೆರೆದರೆ ಹೋಗುತ್ತಾನೆ, ಅತ್ತೆಗೆ ಹೇಗೆ ಹೇಳುವುದು, ಭಾವ ಕುಣಿಯಲಾರರು, ಕುಣಿದಷ್ಟೇ ಖುಷಿಪಡುತ್ತಾರೆ — ಗುಬ್ಬೀ, ಒಂದು ಕೇಳ್ತೀನಿ, ನಿಜ ಹೇಳು, ಅಕ್ಕ ಮುಂದಕ್ಕೇ ನೋಡುತ್ತ ಹೇಳಿದಳು, ಆ ಮೂಲೇಲಿ, ಬೇಕಂತ ಹತ್ತಿಸಿದ್ಯಾ, ಇಲ್ಲಕ್ಕ, ಆಣೆಗೂ, ಹಾಗಾದ್ರೆ ಹೆಂಗೆ ಹತ್ತಿತು, ನಿನ್ನ ಕೈ ಅಂಥದ್ದಲ್ಲ, ಗುಬ್ಬಿ ಕೆನ್ನೆಗೆ ಚುಚ್ಚುತ್ತಿದ್ದ ಚೀಲವನ್ನು ಆಚೆ ತಳ್ಳಿ, ನೀನು ತಿರುಗಿಸಿದ್ದು ನೋಡಿದ್ನಲ್ಲ, ಅದೇ ಥರ ತಿರುಗಿಸೋಕೆ ಹೋದೆ, ನಿನ್ನನ್ನ ಗೆಲ್ಲಬೇಕು ಅಂತಾನೇ ಹೋದೆ, ಎಂದಳು, ಹೇಳಿದ ಮೇಲೆ ಹಗುರವಾಯಿತು, ಅಕ್ಕ ಅವಳ ಕಡೆ ತಿರುಗಿ ಬಾಯಿ ತೆರೆದು ನೋಡಿದಳು, ಆಮೇಲೆ ಇಡೀ ಬಸ್ಸು ತಿರುಗಿ ನೋಡುವ ಹಾಗೆ ನಕ್ಕಳು, ಅಯ್ಯೋ ಪೆದ್ದೀ, ನನ್ನ ತೋಳು ನಿಂಗೆಲ್ಲಿಂದ ಬರ್ಬೇಕು, ಗುಬ್ಬಿ ಥರ ತಿರುಗಿಸ್ಬೇಕಿತ್ತು ಕಣೇ, ಮುಂಚೇನೇ, ಮೆಲ್ಲಗೆ, ನಿಂಗೆ ಬರ್ತಿತ್ತಲ್ಲ ಅದು, ನಂಗೆ ಬರಲ್ಲ, ಎಂದು ನಗುತ್ತ ನಗುತ್ತ ಗುಬ್ಬಿಯ ಕೈಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು, ಬಿಡಲಿಲ್ಲ. ಈ ಡ್ರೈವರು ಅವಸರದವನು, ಪ್ರತಿ ಸ್ಟಾಪಿಗೂ ಕೊನೇ ಗಳಿಗೆಯಲ್ಲಿ ಬ್ರೇಕು, ನಿಂತವರೆಲ್ಲ ಮುಂದಕ್ಕೆ ವಾಲಿ ಹಿಂದಕ್ಕೆ ಬರುತ್ತಾರೆ, ಏನೋ ನೆಲಕ್ಕೆ ಒತ್ತಿದ ಹಾಗಾಯಿತು, ಗುಬ್ಬಿ ಕೆಳಗೆ ನೋಡಿದಳು, ಅಕ್ಕನ ಬಲಗಾಲು, ಸೀಟಿನ ಕೆಳಗಿನ ತಗಡಿನ ಮೇಲೆ, ಗಟ್ಟಿಯಾಗಿ ಒತ್ತಿದೆ, ಅಲ್ಲಿ ಇಲ್ಲದ ಬ್ರೇಕನ್ನು, ಬಸ್ಸು ನಿಂತ ಮೇಲೆ ಮೆಲ್ಲಗೆ ಸಡಿಲವಾಯಿತು, ಅಕ್ಕನಿಗೆ ಗೊತ್ತಿಲ್ಲ, ಕಿಟಕಿಯ ಆಚೆ ನೋಡುತ್ತಿದ್ದಾಳೆ, ಮುಂದಿನ ಸ್ಟಾಪು, ಮತ್ತೆ ಕಾಲು, ಡ್ರೈವರನ ಕಾಲಿಗಿಂತ ಎಷ್ಟೋ ಮೊದಲು, ಹಿಂದೆ ನಿಂತವರಿಗೆಲ್ಲ ಸೇರಿಸಿ ಒತ್ತುತ್ತಿದೆ, ಕಂಬಿಗೆ ಜೋತುಬಿದ್ದಿರುವ ಮುದುಕಿಗೆ, ಆ ಚೀಲದವನಿಗೆ, ಆ ಕಾಲಿಗೆ ಗೊತ್ತಿದೆ, ಹಿಂದೆ ಯಾರೋ ಇದ್ದಾರೆ ಎಂದು ಗೊತ್ತಿದೆ, ಗುಬ್ಬಿ ಆ ಕಾಲನ್ನೇ ನೋಡುತ್ತಿದ್ದಾಳೆ, ಸವೆದ ಚಪ್ಪಲಿ, ಹೆಬ್ಬೆರಳು, ಮುಂದೆ ಸಿಗ್ನಲ್ಲು ಹಳದಿಯಾಯಿತು, ಡ್ರೈವರು ಇನ್ನೂ ನೋಡಿಲ್ಲ, ಅಕ್ಕನ ಕಾಲು ಇನ್ನೂ ಎದ್ದಿಲ್ಲ, ಒಂದು ಕಾಲು ಒತ್ತಿದೆ, ಆಗಲೇ ಒತ್ತಿದೆ, ಯಾರದು, ಗಿಡ್ಡ ಕಾಲು, ಬೆರಳ ತುದಿಯಷ್ಟೇ ನೆಲಕ್ಕೆ ಎಟುಕುವ ಕಾಲು, ಒತ್ತಿದೆ, ಆಮೇಲೆ ಅಕ್ಕನದು ಬಂತು, ಪಕ್ಕದಲ್ಲಿ, ಅಕ್ಕ ಬಗ್ಗಿ ನೋಡುತ್ತಿದ್ದಾಳೆ, ಎರಡು ಕಾಲು, ಒಂದು ಉದ್ದ, ಒಂದು ಗಿಡ್ಡ, ಇಲ್ಲದ ಬ್ರೇಕಿನ ಮೇಲೆ, ಮೊದಲು ಒತ್ತಿದ್ದು ಗಿಡ್ಡದು, ಮೊದಲು ಒತ್ತಿದ್ದು ಗುಬ್ಬಿಯದು.